ಮಲ್ಲಯ್ಯನ ಪಾಲಾದ ಹೋರಿ

ಡಾಬಕಾ,
12 ಅಕ್ಟೋಬರ್ 1948

ಸೊಲ್ಲಾಪುರದಲ್ಲಿರುವ ನಮ್ಮ ಮನೆಯವರಿಗೆ ಶಿವಕಾಂತಾಳ ಶರಣು.

ನಾನು, ಅತ್ತೆ ಇಬ್ಬರೂ ಕ್ಷೇಮ. ನಮ್ಮೂರ ದತ್ತಾತ್ರಿ ತಂದುಕೊಟ್ಟ ನಿಮ್ಮ ಕಾಗದದಲ್ಲಿ ಎತ್ತುಗಳನ್ನು ನಾಲ್ಕು ಸಲ ಕೇಳಿದ್ದೀರಿ, ನನ್ನನ್ನು ಒಂದು ಸಲ. ಅದಕ್ಕೇ ಎತ್ತಿನ ಸುದ್ದಿಯನ್ನೇ ಮೊದಲು ಬರೆಯುತ್ತೇನೆ.

ರಜಾಕಾರರ ಕಾಟಕ್ಕೆ ನೀವು ಗಡಿ ದಾಟಿ ಹೋದಿರಿ. ಈಗ ಸೈನ್ಯ ಬಂದು ಆ ಕಾಟ ಮುಗಿದಿದೆ. ಆದರೂ ನೀವು ಊರಿಗೆ ಬರುವುದಿಲ್ಲವಂತೆ. ಗಿರಣಿಯಲ್ಲಿ ಕೆಲಸ ಸಿಕ್ಕಿದೆ, ಎರಡೂ ಎತ್ತು ಮಾರಿ ಅವ್ವನನ್ನು ಕರೆದುಕೊಂಡು ಬಾ ಎಂದು ಬರೆದಿದ್ದೀರಿ. ಕೆಂಪು ಎತ್ತನ್ನು ಮಾರಬಹುದು. ಬಿಳಿ ಹೋರಿಯನ್ನು ಮಾರಲಾಗದು. ಅದು ಈಗ ನಮ್ಮದಲ್ಲ, ಮಲ್ಲಯ್ಯನದು.

ಶ್ರಾವಣದಲ್ಲಿ ಬಂದೂಕಿನವರು ಊರಿನ ಎತ್ತುಗಳನ್ನು ಹೊಡೆದುಕೊಂಡು ಹೋದಾಗ, ಈ ಹೋರಿ ಉಳಿದರೆ ನಿನಗೇ ಬಿಡುತ್ತೇನೆ ಎಂದು ಮಲ್ಲಯ್ಯನಿಗೆ ಹರಕೆ ಹೊತ್ತಿದ್ದೆ. ಉಳಿಯಿತು. ಹದಿನೈದು ದಿನದ ಹಿಂದೆ, ಸೋಮವಾರ, ಗುಡಿಯಲ್ಲಿರುವ ಕಬ್ಬಿಣ ಕಾಯಿಸಿ ಅದರ ತೊಡೆಗೆ ಲಿಂಗಮುದ್ರೆ ಒತ್ತಿಸಿದೆ. ಅದು ಒದರಿದಾಗ ನಾನೂ ಅತ್ತುಬಿಟ್ಟೆ.

ಒಂದು ಮುದ್ರೆ ಬಿದ್ದರೆ ಏನೇನಾಗುತ್ತದೆ ನೋಡಿ. ಬೇಲಿ ದಾಟಿದರೆ ಬಡಿಗೆ ಎತ್ತುತ್ತಿದ್ದ ಪಕ್ಕದ ಜನಾಬಾಯಿ ಈಗ ಮೊರದಲ್ಲಿ ಜೋಳ ಇಟ್ಟು ಕೈ ಮುಗಿಯುತ್ತಾಳೆ. ಹೋರಿ ಅದೇ, ಅವಳ ಅವರೆ ಬಳ್ಳಿ ಮೇಯುವ ಚಟವೂ ಅದೇ. ಸಂಜೆಯಾದರೆ ನಮ್ಮ ಗೂಟಕ್ಕೇ ಬಂದು ನಿಲ್ಲುತ್ತದೆ. ತಾನು ಯಾರದೆಂದು ಅದಕ್ಕೆ ತಿಳಿದಿದೆಯೋ ಇಲ್ಲವೋ ಎಂದು ಅದರ ಮುಖವನ್ನೇ ನೋಡುತ್ತ ಕೂರುತ್ತೇನೆ. ಅದೂ ನನ್ನನ್ನು ನೋಡುತ್ತದೆ.

ಗುರುತಿನ ಮಾತಿಗೆ ಇನ್ನೊಂದು ನೆನಪಾಯಿತು. ಸೈನ್ಯ ಬಂದ ಮೇಲೆ ಪುಂಡರ ಗುಂಪೊಂದು ಮುಸಲ್ಮಾನರ ಮನೆ ಹುಡುಕುತ್ತ ಊರಿಗೆ ನುಗ್ಗಿತು. ಅತ್ತೆ ಬದ್ರೋದ್ದೀನ ಚಾಚಾನ ಬಾಗಿಲಿಗೆ ವಿಭೂತಿಯ ಮೂರು ಪಟ್ಟಿ ಎಳೆದು, “ಇದು ಶರಣರ ಮನಿ, ಮುಂದ ಹೋಗ್ರಿ” ಎಂದು ಹೊಸ್ತಿಲ ಮೇಲೆ ಕೂತರು. ಗುಂಪಿನವರು ಮುಂದೆ ಹೋದರು. ದೇವರ ಗುರುತನ್ನು ಹೀಗೆ ಬಳಸಬಹುದೇ ಎಂದು ಆಮೇಲೆ ಕೇಳಿದೆ. “ದೇವರಿಗೆ ಎಲ್ಲಾ ಮನಿನೂ ತನ್ನವೇ, ಕೇಳಾಕ ನೀ ಯಾರ?” ಎಂದು ನನಗೇ ಬೈದರು.

ನೀವು ಹೇಳಿಕಳಿಸಿದಂತೆ ಸಂತಪುರದ ದಲಾಲಿ ಹಣಮಂತಪ್ಪ ಬಂದಿದ್ದ. ಹೋರಿಯ ಹಲ್ಲು ನೋಡಿದ, ಸುಳಿ ನೋಡಿದ, ತೊಡೆ ನೋಡಿದವನೇ ಹಿಂದೆ ಸರಿದ. “ದೇವರ ಮಾಲಿಗೆ ನಾ ಹ್ಯಾಂಗ ಬೆಲಿ ಕಟ್ಲಿರಿ, ಬಾಯಾರ?” ಎಂದು ಗಲ್ಲ ಬಡಿದುಕೊಂಡ. ಜೊತೆಯಿಲ್ಲದ ಕೆಂಪು ಎತ್ತು ಅವನಿಗೆ ಬೇಡವಾಯಿತು. ಅದಕ್ಕೆ ದತ್ತಾತ್ರಿಯ ಎತ್ತನ್ನು ಜೊತೆ ಹೂಡಿ ಹಿಂಗಾರಿ ಜೋಳ ಬಿತ್ತಿದ್ದೇವೆ. ಮೊಳಕೆ ಕಂಡಿದೆ.

ದೇವರ ಮನಸ್ಸು ಹೀಗಿರುವಾಗ ನಾವೇನು ಮಾಡುವುದು, ನೀವೇ ಹೇಳಿ.

ನಿಮ್ಮ
ಶಿವಕಾಂತಾ

ತಾ.ಕ.: ಊರಿಗೆ ಸುಳ್ಳು ಹೇಳಿದೆ, ದೇವರ ಹೆಸರಿನಲ್ಲೂ ಹೇಳಿದೆ. ನಿಮಗೂ ಅದನ್ನೇ ಹೇಳಿ ಕಾಗದ ಮಡಚಲು ಕೈ ಬರುತ್ತಿಲ್ಲ. ಶ್ರಾವಣದಲ್ಲಿ ನಾನು ಯಾವ ಹರಕೆಯನ್ನೂ ಹೊತ್ತಿರಲಿಲ್ಲ. ನಿಮ್ಮ ಕಾಗದ ಬಂದದ್ದು ಭಾನುವಾರ, ಮುದ್ರೆ ಒತ್ತಿಸಿದ್ದು ಸೋಮವಾರ. ಈ ಹೊಲಮನೆ ಬಿಟ್ಟು ಬರಲಾರೆ, ನಿಮ್ಮನ್ನು ಬಿಟ್ಟು ಇರಲೂ ಆರೆ. ಹೋರಿಯನ್ನು ಮಾರಲೇಬೇಕೆಂದರೆ, ಆ ಮುದ್ರೆ ಸುಳ್ಳೆಂದು ಮಲ್ಲಯ್ಯನ ಗುಡಿಯ ಮುಂದೆ ನಿಂತು ನೀವೇ ಹೇಳಿ. ಅದಕ್ಕಾದರೂ ಊರಿಗೆ ಬರಬೇಕಾಗುತ್ತದಲ್ಲ.