ಆಯುಧಪೂಜೆಯ ತೊಳೆನೀರು

ಅಕ್ಟೋಬರ್ 6, ಸೋಮವಾರ

'...ಹಬ್ಬಕ್ಕೆ ಎಲ್ಲಾನೂ ಒಂದೇ ದಿನ ತೊಳೀತಾರಲ್ಲ ಸಾರ್.' ತೇಜಸ್ವಿನಿಯ ಮಾತಿನ ಬಾಲ ಮಾತ್ರ ನೆನಪಿದೆ. ಉಳಿದದ್ದು ಲಾರಿಗಳ ಹಾರ್ನ್‌ನಲ್ಲಿ ಹೋಯಿತು. ನನ್ನ ಜೊತೆ ಸೇಫ್ಟಿ ಆಡಿಟ್‌ಗೆ ಬರುವ ಹುಡುಗಿ. ಕೆಮಿಕಲ್ ಎಂಜಿನಿಯರ್.

ನಾಗಸಂದ್ರದ ಶೆಡ್. ಬೋಲ್ಟುಗಳಿಗೆ ತುಕ್ಕು ಹಿಡಿಯದಂತೆ ಜಿಂಕ್ ಪ್ಲೇಟಿಂಗ್. ಒಂದು ತೊಟ್ಟಿ ಆಸಿಡ್, ಇನ್ನೊಂದು ಸಯನೈಡ್. ಎರಡೂ ಸೇರಿದರೆ ವಿಷಗಾಳಿ. ಆದ್ದರಿಂದ ಒಂದನ್ನು ಸೋಮವಾರ, ಇನ್ನೊಂದನ್ನು ಗುರುವಾರ ತೊಳೆಯಬೇಕು. ಆಯುಧಪೂಜೆಯ ಹಿಂದಿನ ದಿನ ಎರಡನ್ನೂ ತೊಳೆದರು. ಚರಂಡಿ ಒಂದೇ. ತೊಳೆಯುತ್ತಿದ್ದ ಬಾಲರಾಜ್ ಅಲ್ಲೇ ಬಿದ್ದ. ಆಸ್ಪತ್ರೆಯಲ್ಲಿ ಜೀವ ಉಳಿಯಿತು.

ತನಿಖಾ ವರದಿ ನನ್ನದು. ಕೈ ತಾನಾಗಿ ಬರೆಯಿತು — ಕಾರಣ: ಕಾರ್ಮಿಕನ ಅಜಾಗರೂಕತೆ.

ಅಕ್ಟೋಬರ್ 9

ಮಾಲೀಕ ಶೇಖರಪ್ಪನವರಿಗೆ ಕರಡು ಹಿಡಿಸಿತು.

"ಇಂಗೇ ಇರ್ಲಿ ಸಾರ್. ಬಾಲರಾಜನ್ನ ತೆಗೀತೀನಿ. ಇನ್ನೊಂದ್ ಎಚ್ಚರಿಕೆ ಬೋರ್ಡ್ ಹಾಕಿಸ್ತೀನಿ. ಮುಗೀತಲ್ಲ."

"ಬೋರ್ಡ್ ಇತ್ತಲ್ಲ ಸಾರ್," ಎಂದಳು ತೇಜಸ್ವಿನಿ. "ಹಬ್ಬಕ್ಕೆ ಅದನ್ನೂ ತೊಳೆದು ಕುಂಕುಮ ಇಟ್ಟಿದ್ದಾರೆ."

"ಏನಮ್ಮ, ತಮಾಷೆನಾ?"

"ಅಲ್ಲ. ಸಯನೈಡ್ ಇಲ್ದೇನೂ ಜಿಂಕ್ ಹಿಡಿಯುತ್ತೆ. ಅದೇ ಇಲ್ದಿದ್ರೆ ಅವರು ಯಾವತ್ತು ಬೇಕಾದ್ರೂ ತೊಳೀಲಿ."

"ಹೊಳಪು ಬರಲ್ಲ ಕಣಮ್ಮ. ಪಾರ್ಟಿ ಮಾಲ್ ವಾಪಸ್ ಕಳಿಸ್ತಾನೆ."

"ಐವತ್ತು ಬೋಲ್ಟ್ ಕೊಡಿ ಸಾರ್. ನೋಡೋಣ."

ನಾನು ಸಹಿ ಹಾಕಲಿಲ್ಲ. ಒಂದು ತಿಂಗಳು ಬೇಕೆಂದೆ.

ಅಕ್ಟೋಬರ್ 10, ಬೆಳಿಗ್ಗೆ

ಯಲಹಂಕದ ನಮ್ಮ ಆಫೀಸಿನಲ್ಲಿ ತೇಜಸ್ವಿನಿ ಹಳೆಯ ಅಪಘಾತಗಳ ಫೈಲು ಹರಡಿಕೊಂಡು ಕೂತಿದ್ದಳು. ಪ್ರತಿಯೊಂದರ ಮೇಲೂ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ: ಇಲ್ಲಿ ಏನು ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ?

ಇಪ್ಪತ್ತಾರು ವರ್ಷ ನಾನು ಕೇಳಿದ್ದು — ಯಾರು? ಮನುಷ್ಯ ಮರೆಯುತ್ತಾನೆ, ದಣಿಯುತ್ತಾನೆ, ಹಬ್ಬ ಮಾಡುತ್ತಾನೆ. ಅದನ್ನು ಒಪ್ಪಿಕೊಂಡೇ ಅವಳು ಶುರುಮಾಡುತ್ತಾಳೆ. ಅಸೂಯೆ ಆಗಬೇಕಿತ್ತು. ಆಗಲಿಲ್ಲ.

ನವೆಂಬರ್ 4

ಮೊದಲ ಐವತ್ತು ಬೋಲ್ಟ್ ಬೂದಿ ಬಣ್ಣ. ಶೇಖರಪ್ಪ ನಕ್ಕರು. ಅವಳೂ ನಕ್ಕಳು. ಸಯನೈಡ್ ಇದ್ದಾಗ ಬೋಲ್ಟಿನ ಜಿಡ್ಡನ್ನು ಅದೇ ತೆಗೆಯುತ್ತಿತ್ತಂತೆ; ಈಗ ಮುಂಚೆಯೇ ಚೆನ್ನಾಗಿ ತೆಗೆಯಬೇಕು. ನಾಲ್ಕನೇ ಸಲ ಹೊಳೆಯಿತು.

ಶೇಖರಪ್ಪ ಹಳೆಯದೊಂದು, ಹೊಸದೊಂದು ಬಿಸಿಲಿಗೆ ಹಿಡಿದರು. ಬಹಳ ಹೊತ್ತು.

"ಯಾವ್ದು ನಿಂದಮ್ಮ?"

"ನೀವೇ ಹೇಳಿ ಸಾರ್," ಎಂದಳು. ಅವರು ನನ್ನ ಕಡೆ ತಿರುಗಿದರು. "ಸರಿ ಬರ್ಕೊಳಿ ಸಾರ್. ಬಾಲರಾಜ್ ಇರ್ಲಿ."

'ಅಜಾಗರೂಕತೆ' ಹೊಡೆದುಹಾಕಿದೆ.

ನವೆಂಬರ್ 21

ಶೆಡ್‌ನಲ್ಲಿ ಸಯನೈಡ್ ಇಲ್ಲ. ಬಾಲರಾಜ್ ಕೆಲಸಕ್ಕೆ ಬಂದ. ಟೀ ತಂದುಕೊಟ್ಟ.

ಫೈಲುಗಳನ್ನು ಕಪಾಟಿಗೆ ಇಡುವಾಗ ಒಂದು ಜಾರಿತು. 2011, ಯಶವಂತಪುರ. ಒಂದೇ ಬಣ್ಣದ ಎರಡು ಡ್ರಮ್ಮು. ಆಪರೇಟರ್ ಮುಕ್ತಾರ್ ಒಂದರ ಬದಲು ಇನ್ನೊಂದನ್ನು ಸುರಿದ. ಕಾರಣ: ಅಜಾಗರೂಕತೆ. ಕೆಲಸದಿಂದ ವಜಾ. ಕೆಳಗೆ ನನ್ನ ಸಹಿ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಅವಳ ಅದೇ ಪ್ರಶ್ನೆ. ಈ ಆರು ವಾರದಲ್ಲಿ ಅವಳು ಇದರ ಬಗ್ಗೆ ಒಂದು ಮಾತೂ ಆಡಿಲ್ಲ.

ವರದಿ ಇಂಗ್ಲಿಷಿನಲ್ಲಿದೆ. ಮುಕ್ತಾರ್, ಅದರಲ್ಲಿ ನಿಮ್ಮ ಬಗ್ಗೆ ಏನು ಬರೆದಿದೆ ಎಂದು ಯಾರಾದರೂ ನಿಮಗೆ ಓದಿ ಹೇಳಿದರಾ? ಬಣ್ಣ ಬೇರೆ ಇದ್ದಿದ್ದರೆ ಅದು ಆಗುತ್ತಿರಲಿಲ್ಲ. ನೀವು ಇವತ್ತಿಗೂ ತಪ್ಪು ನಿಮ್ಮದೇ ಎಂದು—