ಊಟದ ನಂತರದ ರಕ್ತ

ಏಪ್ರಿಲ್ 5, ಭಾನುವಾರ. ಬೆಳಿಗ್ಗೆ 9.20

ಈಸ್ಟರ್ ದಿನವೂ ಡ್ಯೂಟಿ. ಇಪ್ಪತ್ತಾರು ವರ್ಷ ಇದೇ ಲ್ಯಾಬ್‌ನಲ್ಲಿ ಯಂತ್ರಕ್ಕೆ ಹಾಕಿ ರಕ್ತ ತಿರುಗಿಸಿದ್ದೇನೆ. ರಜೆ ಕೇಳಿದರೆ ಮಾತ್ರ ಎಲ್ಲರಿಗೂ ಹೊಸಬಳು.

ಸರ್ಜರಿ ವಾರ್ಡಿನ ಡಾಕ್ಟರ್ ನಹಾಸ್ ಕಳಿಸಿದ ಟ್ಯೂಬ್. ಪೌಲೋಸ್, 44, ಲಾರಿ ಡ್ರೈವರ್. ತಡೆಯಲಾಗದ ಹೊಟ್ಟೆನೋವು, ಪ್ಯಾಂಕ್ರಿಯಾಸ್ ಊದಿಕೊಂಡಿದೆಯಂತೆ. ತಿರುಗಿಸಿ ತೆಗೆದರೆ ಮೇಲೆ ಹಾಲಿನಂಥ ಬಿಳಿ ಕೊಬ್ಬು, ಹಾಗೇ ಇಟ್ಟರೆ ಯಂತ್ರ ಸರಿಯಾಗಿ ಅಳೆಯುವುದಿಲ್ಲ. ಗೊತ್ತೇ ಇದೆ... ನಡುರಾತ್ರಿ ಪೂಜೆ ಮುಗಿಸಿ, ಐವತ್ತು ದಿನದ ನೋಂಬು ಉಪವಾಸ ಬಿಟ್ಟು, ಬಾತುಕೋಳಿ ಬಾರಿಸಿ ಬಂದಿದ್ದಾನೆ. ಪ್ರತಿ ಈಸ್ಟರ್‌ಗೂ ಇದೇ ಕಥೆ. ಸೀಲು ಒತ್ತಿದೆ — 'ಊಟದ ನಂತರದ ರಕ್ತ. ಮತ್ತೆ ಕಳಿಸಿ.'

ಇನ್ನೊಮ್ಮೆ ಜೋರಾಗಿ ತಿರುಗಿಸಿ, ಕೊಬ್ಬು ಬೇರೆ ಮಾಡಿ ನೋಡಬಹುದಿತ್ತು. ಯಾರಿಗೋಸ್ಕರ? ಮೀಟಿಂಗ್‌ನಲ್ಲಿ ಎಲ್ಲರೆದುರು ನನ್ನನ್ನು 'ಸೀಲಮ್ಮ' ಎಂದ ಈ ನಹಾಸ್‌ಗೋಸ್ಕರವೇ?

ಸಂಜೆ 4

ನಹಾಸ್ ಕೌಂಟರಿಗೇ ಬಂದಿದ್ದ. ಕೆಲಸ ಆಗಬೇಕಾದಾಗ ಮಾತ್ರ ನಾನು ಚೇಚಿ, ಅಕ್ಕ.

"ತಂಗಮಣಿ ಚೇಚಿ, ಯೂರಿಯಾ ಒಂದಾದ್ರೂ ನೋಡಿ ಕೊಡಿ. ಬಂದ ದಿನ ಎಷ್ಟು, ಮಾರನೇ ದಿನ ಎಷ್ಟು — ಏರ್ತಾ ಇದ್ರೆ ಈ ಮನುಷ್ಯ ಕೆಡ್ತಾನೆ ಅಂತ ಈಗ್ಲೇ ಗೊತ್ತಾಗುತ್ತೆ."

"ಖಾಲಿ ಹೊಟ್ಟೇಲಿ ತೆಗೆದು ಕಳಿಸಿ ಸಾರ್. ಸೀಲು ಓದೋಕೆ ಬರಲ್ವಾ?"

"ನೀವೇನು ಅವನ ಜೊತೆ ಊಟಕ್ಕೆ ಕೂತಿದ್ರಾ?"

"ನೀವು ಕೂತಿದ್ರಾ?"

ಮುಖ ಕೆಂಪಗೆ ಮಾಡಿಕೊಂಡು ಹೋದ. ಹಿತವಾಯಿತು, ಸುಳ್ಳು ಯಾಕೆ ಬರೆಯಲಿ. ಬೇರೆ ಟ್ಯೂಬ್ ಬರಲಿಲ್ಲ. ಅವನಿಗೂ ಹಟ.

ಏಪ್ರಿಲ್ 6. ಬೆಳಿಗ್ಗೆ 10.30

ಪೌಲೋಸ್‌ನ ಹೊಸ ಟ್ಯೂಬ್. ಇವತ್ತೂ ಹಾಲು. ಬಾಯಿಗೆ ನೀರೂ ಕೊಡದೆ ಮಲಗಿಸಿದವನ ರಕ್ತ ಹೀಗೇಕೆ?

ಅವನ ಹೆಂಡತಿ ಎಲ್ಸಿ ಕೌಂಟರಿನಲ್ಲಿ ನಿಂತಿದ್ದಳು. ನಿನ್ನೆ ಏನು ತಿಂದಿದ್ದ ಎಂದು ಕೇಳಿದೆ.

"ತಿನ್ನೋದೆಲ್ಲಿ ಚೇಚಿ. ಶುಕ್ರವಾರದಿಂದ ಗಂಜಿನೀರೂ ಇಳಿದಿಲ್ಲ, ಬರೀ ವಾಂತಿ. ಹಬ್ಬಕ್ಕೆ ತಂದ ಬಾತುಕೋಳಿ ಹಿತ್ತಲಲ್ಲಿ ಇನ್ನೂ ಓಡಾಡ್ಕೊಂಡಿದೆ."

ಊಟದ ಕೊಬ್ಬಲ್ಲ. ಕಾಯಿಲೆಯದೇ.

ಕೊಬ್ಬು ಬೇರೆ ಮಾಡಿ ನೋಡಿದೆ. ಯೂರಿಯಾ 61. ಫೋನಿನಲ್ಲಿ ಹೇಳಿದೆ. ನಹಾಸ್ ನಕ್ಕ, ಕೆಟ್ಟ ನಗು.

"ಚೀಫ್ ನಿನ್ನೇದು ಕೇಳ್ತಿದ್ದಾರೆ. ಇವನಿಗೆ ಮೊದಲಿಂದ್ಲೂ ಇಷ್ಟೇ ಇದ್ದಿರಬಹುದು ಅಂತಾರೆ. ಐಸಿಯುನಲ್ಲಿ ಇರೋದು ಒಂದೇ ಬೆಡ್. ಏನು ತೋರಿಸಿ ಕೇಳ್ಲಿ, ನಿಮ್ಮ ಸೀಲಾ?"

11.40

ನಿನ್ನೆಯ ಟ್ಯೂಬ್ ಫ್ರಿಜ್‌ನಲ್ಲೇ ಇತ್ತು, ಸೀಲು ಒತ್ತಿದ ಚೀಟಿ ಸಮೇತ. ತಿರುಗಿಸಿದೆ. 27.

ಇಪ್ಪತ್ತೇಳರಿಂದ ಅರವತ್ತೊಂದು, ಒಂದೇ ದಿನದಲ್ಲಿ.

ಲಿಫ್ಟ್‌ಗೆ ಕಾಯಲಿಲ್ಲ. ಮೂರು ಮಹಡಿ ಹತ್ತಿದೆ, ಈ ಮಂಡಿಯಲ್ಲಿ. ಚೀಫ್ ಓದಿದರು. "ಇದು ಬೆಳಿಗ್ಗೆ ರೌಂಡ್ಸ್ ಹೊತ್ತಿಗೆ ನನ್ನ ಕೈಲಿರಬೇಕಿತ್ತು." ಬೆಡ್ ಹತ್ತು ನಿಮಿಷದ ಹಿಂದೆ ಬೇರೆಯವರಿಗೆ ಹೋಗಿತ್ತು. ಸಂಜೆ ಇನ್ನೊಂದು ಖಾಲಿಯಾಗಬಹುದು ಎಂದರು.

ನಹಾಸ್ ನನ್ನ ಕಡೆ ನೋಡಲೂ ಇಲ್ಲ.

ಏಪ್ರಿಲ್ 11, ಶನಿವಾರ

ಪೌಲೋಸ್ ಗುರುವಾರ ಹೋದ. ಬೆಡ್ ಸಿಕ್ಕಿದ್ದು ಸೋಮವಾರ ರಾತ್ರಿ, ಅಷ್ಟರಲ್ಲಿ ಉಸಿರಾಟ ಕೆಟ್ಟಿತ್ತು. ಮೊದಲೇ ಸಿಕ್ಕಿದ್ದರೆ ಉಳಿಯುತ್ತಿದ್ದನೇ? ಯಾರೂ ಹೇಳುವುದಿಲ್ಲ. ನಾನೂ ಕೇಳಿಲ್ಲ.

ಇವತ್ತು ಎಲ್ಸಿ ಕಾಗದಪತ್ರಕ್ಕೆ ಬಂದಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಹಳೇ ರಕ್ತ ಹುಡುಕಿ, ಮೆಟ್ಟಿಲು ಹತ್ತಿ ಓಡಿ ಬಂದೋರು ನೀವೇ ಅಂತೆ. ಡಾಕ್ಟರ್ ಹೇಳಿದ್ರು. ನಮಗೋಸ್ಕರ ಯಾರು ಓಡ್ತಾರೆ ಚೇಚಿ."

ನಹಾಸ್ ಬಾಗಿಲಲ್ಲೇ ನಿಂತಿದ್ದ. ಓಡಿದ್ದನ್ನು ಹೇಳಿದ್ದಾನೆ, ಸೀಲಿನ ಮಾತು ಹೇಳಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ನನಗೆ ಬರುವುದೇ ಅದು. ಹೇಳುವ ಕೆಲಸವನ್ನು ನನ್ನ ತಲೆಗೆ ಕಟ್ಟಿ ಹೋದ. ಎಂಥ ಕೇಡಿಗ.

ಎಲ್ಸಿ ಹೊರಟಳು. ಗೇಟಿನವರೆಗೆ ಹಿಂದೆ ಹೋದೆ. ಹೆಸರು ಹಿಡಿದು ಕರೆದೆ. ತಿರುಗಿದಳು. ನಾನು ಅವಳಿಗೆ ಹೇಳಿದ್ದು — ಭಾನುವಾರವೇ ಆ ರಕ್ತ ನೋಡದೆ, ಸೀಲು ಒತ್ತಿ ಪಕ್ಕಕ್ಕಿಟ್ಟವಳೂ ನಾನೇ.