ಚಿನ್ನಕ್ಕೆ ಬೇಕಾದ ಉಸಿರು

ತಾದ್ದೆಯಾ,

ನಿನ್ನ ಗಂಡ ವೆನಿಸ್ಸಿನಲ್ಲಿ ಕ್ಷೇಮ, ಕೆಮ್ಮು ಹೋಯಿತು. ಪ್ರೇಮಕವಿತೆಗಳ ಪುಸ್ತಕದ ಅಂಚಿನ ಹೂಬಳ್ಳಿ ಮುಗಿಸಿ, ಈಗ ಮೊದಲಕ್ಷರಗಳಿಗೆ ಚಿನ್ನದ ರೇಕು ಹಚ್ಚುತ್ತಿದ್ದೇನೆ. ಸಿಯೆನಾದ ನಮ್ಮ ಒಣಗಾಳಿಯಲ್ಲಿ, ಅಂಟಿನ ಮೇಲೆ ನೀನು ಉಸಿರೂದಿ ತೇವ ಮಾಡಿದರೆ ಮಾತ್ರ ರೇಕು ಹಿಡಿಯುತ್ತಿತ್ತು. ಇಲ್ಲಿ ಕಡಲ ತೇವಕ್ಕೇ ಹಿಡಿದುಬಿಡುತ್ತದೆ. ಆದರೂ ಪ್ರತಿ ಅಕ್ಷರದ ಮುಂದೆ, ನೀನು ಬಗ್ಗುವೆಯೇನೋ ಎಂದು ಒಂದು ಗಳಿಗೆ ಕಾಯುತ್ತೇನೆ.

“ಯಾಕಯ್ಯಾ ನಿಂತೆ? ಆ ಅಕ್ಷರ ಎದ್ದು ಬಂದು ಮುತ್ತು ಕೊಡುತ್ತೆ ಅಂತಾನಾ?” ಎಂದು ಯಜಮಾನರು ಕೆಣಕುತ್ತಾರೆ.

ಕೊನೆಯ ಹಾಳೆಯ ಅಕ್ಷರವನ್ನು ಹಾಗೇ ಬಿಟ್ಟಿದ್ದೇನೆ. ಈಸ್ಟರ್‌ವರೆಗೆ ತಡೆಯಲು ಅವರು ಒಪ್ಪಿದ್ದಾರೆ. ಉಣ್ಣೆ ಮಾರಲು ಬರುವ ನಿನ್ನಣ್ಣನ ಜೊತೆ ಹೊರಟು ಬಾ. ನಿನ್ನ ಉಸಿರಿಲ್ಲದೆ ಕೆಲಸ ನಿಂತಿದೆಯೆಂದರೆ ನನ್ನಮ್ಮ ನಿನ್ನನ್ನು ಕಳಿಸುತ್ತಾಳೆ.

ಈ ಕಾಗದ ಒಯ್ಯುವ ದೋಣಿಯವನು ಕರೆಯುತ್ತಿದ್ದಾನೆ. ಇಲ್ಲಿಯ ತೇವದ ಸುದ್ದಿ ಮಾತ್ರ ಅವಳ ಮುಂದೆ ಎತ್ತಬೇಡ.

ಬಾರ್ತೊಲೊ